ಸಿಬಿಜಿ, ಸಿಬಿಎನ್, ಟಿಎಚ್‌ಸಿವಿ: ಬಾಟಲಿ ಕೊಳ್ಳುವ ಮುಂಚೆ ನೋಡಬೇಕಾದದ್ದು

ಪುಣೆ, ಮುಂಬೈ, ಗೋವಾ ಕಡೆ ಇರುವ ನಮ್ಮವರ ಮನೆಗಳಿಗೆ ಈಗೀಗ ಒಂದು ಸಣ್ಣ ಕಂದು ಗಾಜಿನ ಬಾಟಲಿ ಬರತೊಡಗಿದೆ. ಮುಚ್ಚಳಕ್ಕೇ ಡ್ರಾಪರ್ ಇರುತ್ತದೆ, ಮೇಲೆ ಹಸಿರು ಎಲೆಯ ಚಿತ್ರ. ಮಗನೋ ಸೊಸೆಯೋ ಆನ್‌ಲೈನ್‌ನಲ್ಲಿ ತರಿಸಿರುತ್ತಾರೆ, ಇಲ್ಲಾ ಗೋವಾಕ್ಕೆ ಹೋಗಿ ಬಂದವರು ಕೈಗಿಟ್ಟಿರುತ್ತಾರೆ. ಒಳಗಿರುವುದು ಗಾಂಜಾ ಗಿಡದ ಸಾರದ ಎಣ್ಣೆ. ಮೊದಲು ಇವುಗಳ ಮೇಲೆ ಆ ಗಿಡದ ಒಂದು ಅಂಶವಾದ ಸಿಬಿಡಿ ಅಂತ ಮಾತ್ರ ಇರುತ್ತಿತ್ತು. ಈಗ ಸಿಬಿಜಿ, ಸಿಬಿಎನ್, ಸಿಬಿಸಿ, ಟಿಎಚ್‌ಸಿವಿ ಅಂತ ಬೇರೆ ಬೇರೆ ಹೆಸರು. ಒಂದು ನಿದ್ದೆಗಂತೆ, ಒಂದು ಶುಗರ್‌ಗಂತೆ, ಇನ್ನೊಂದು ಮಂಡಿ ನೋವಿಗಂತೆ.

ನಾನು ಪುಣೆಯಲ್ಲಿ ಫಾರ್ಮಸಿಸ್ಟ್. ಅಂಗಡಿಗೆ ಬರುವ ಕನ್ನಡದವರು ಮೊಬೈಲ್‌ನಲ್ಲಿ ಫೋಟೊ ತೋರಿಸಿ "ಇದು ತಗೋಬಹುದಾ?" ಅಂತ ಕೇಳುತ್ತಲೇ ಇರುತ್ತಾರೆ. ಕೌಂಟರ್ ಮುಂದೆ ಐದು ಜನ ನಿಂತಿರುವಾಗ ಇದಕ್ಕೆ ಸರಿಯಾಗಿ ಉತ್ತರ ಕೊಡೋಕಾಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗಾಂಜಾ ಗಿಡದ ಈ ಕಡಿಮೆ ಪರಿಚಿತ ಅಂಶಗಳಲ್ಲಿ ಒಳ್ಳೆಯ ಔಷಧಿಯಾಗುವ ಶಕ್ತಿ ಇದೆ ಅಂತ ನನಗೆ ನಿಜವಾಗಲೂ ಅನ್ನಿಸುತ್ತದೆ. ಆದರೆ ಬಾಟಲಿ ಕೈಗೆ ಬಂದಾಗ ಮೂರು ವಿಷಯ ವಿಚಾರಿಸಲೇಬೇಕು. ಇದನ್ನು ಯಾರ ಮೇಲೆ ಪರೀಕ್ಷೆ ಮಾಡಿದ್ದಾರೆ? ಇದರಲ್ಲಿ ಆ ಅಂಶ ಎಷ್ಟು ಮಿಲಿಗ್ರಾಂ ಇದೆ? ನಾನು ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಜೊತೆ ಇದು ಹೊಂದುತ್ತದಾ?

ಗಿಡದೊಳಗೆ ಏನಿದೆ

ಈ ಗಿಡದಲ್ಲಿ ಕ್ಯಾನಬಿನಾಯ್ಡ್ ಅನ್ನುವ ಅಂಶಗಳು ನೂರಕ್ಕೂ ಜಾಸ್ತಿ ಇವೆ. ಅಮಲು ಬರಿಸುವುದು ಮುಖ್ಯವಾಗಿ ಟಿಎಚ್‌ಸಿ. ಅಮಲು ಬರಿಸದೆ ಹೆಸರು ಮಾಡಿದ್ದು ಸಿಬಿಡಿ. ಉಳಿದವು ಗಿಡದಲ್ಲಿ ತುಂಬಾ ಕಡಿಮೆ ಇರುತ್ತವೆ, ಆದ್ದರಿಂದ ಸಂಶೋಧಕರೂ ಅವನ್ನು ತಡವಾಗಿ ಮುಟ್ಟಿದರು.

ಇವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಸಿಬಿಜಿಎ ಅನ್ನುವ ಒಂದು ಆಮ್ಲ. ರಾತ್ರಿ ರುಬ್ಬಿಟ್ಟ ಒಂದೇ ಹಿಟ್ಟಿನಿಂದ ಬೆಳಿಗ್ಗೆ ಇಡ್ಲಿ, ದೋಸೆ, ಪಡ್ಡು ಮಾಡ್ತೀವಲ್ಲ, ಗಿಡವೂ ಸಿಬಿಜಿಎಯಿಂದಲೇ ಬೇರೆ ಬೇರೆ ಎಂಜೈಮ್ ಬಳಸಿ ಟಿಎಚ್‌ಸಿ, ಸಿಬಿಡಿ, ಸಿಬಿಸಿಗಳ ಆಮ್ಲ ರೂಪವನ್ನು ಮಾಡಿಕೊಳ್ಳುತ್ತದೆ. ಬಲಿತ ಗಿಡದಲ್ಲಿ ಹೆಚ್ಚಿನ ಸಿಬಿಜಿಎ ಹೀಗೆ ಖರ್ಚಾಗಿ ಹೋಗಿರುತ್ತದೆ. ಸಿಬಿಜಿ ಎಣ್ಣೆ ದುಬಾರಿ ಆಗಲು ಇದೂ ಒಂದು ಕಾರಣ. ಆಮ್ಲ ರೂಪಕ್ಕೆ ಬಿಸಿ ತಾಗಿದರೆ ಅದು ನಾವು ಹೆಸರು ಕೇಳಿರುವ ರೂಪಕ್ಕೆ ತಿರುಗುತ್ತದೆ.

ಸಿಬಿಎನ್ ಹುಟ್ಟುವ ರೀತಿ ಬೇರೆ. ಗಿಡ ಅದನ್ನು ನೇರವಾಗಿ ಮಾಡುವುದಿಲ್ಲ. ಟಿಎಚ್‌ಸಿ ಹಳತಾಗಿ, ಗಾಳಿ ಬೆಳಕು ತಾಗಿ ಕೆಟ್ಟಾಗ ಸಿಬಿಎನ್ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಲ್ಯಾಬ್ ರಿಪೋರ್ಟ್ ಓದುವಾಗ ಕೆಲಸಕ್ಕೆ ಬರುತ್ತದೆ. ಇಡೀ ಗುಂಪಿನಲ್ಲಿ ಮೊದಲು ಬೇರ್ಪಡಿಸಿದ್ದೂ ಇದನ್ನೇ. 1896ರಲ್ಲಿ ಕೇಂಬ್ರಿಡ್ಜ್‌ನಲ್ಲಿ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಅನ್ನುವ ಮೂವರು ಭಾರತದ ಚರಸ್ ತಗೊಂಡು ಈ ಕೆಲಸ ಮಾಡಿದರು. ಅದಕ್ಕೂ ಮುಂಚೆ, 1839ರ ಹೊತ್ತಿಗೇ, ಕಲ್ಕತ್ತಾದಲ್ಲಿ ಓಶಾಗ್ನೆಸಿ ಅನ್ನುವ ಡಾಕ್ಟರು ಧನುರ್ವಾಯು, ಫಿಟ್ಸ್ ರೋಗಿಗಳಿಗೆ ಗಾಂಜಾ ಸಾರ ಕೊಟ್ಟು ನೋಡಿ ಬರೆದಿಟ್ಟಿದ್ದರು. ಇಷ್ಟು ಹಳೆಯ ನಂಟು ಇರುವ ನಮ್ಮ ದೇಶದಲ್ಲೇ ಮನುಷ್ಯರ ಮೇಲಿನ ಗಟ್ಟಿ ಪರೀಕ್ಷೆಗಳು ಇನ್ನೂ ಜಾಸ್ತಿ ಆಗಬೇಕು ಅನ್ನುವುದು ನನ್ನ ಆಸೆ.

ಯಾರ ಮೇಲೆ ಪರೀಕ್ಷೆ ಮಾಡಿದ್ದಾರೆ?

ಯಾವುದೇ ಜಾಹೀರಾತು ಓದುವಾಗ ಮೊದಲು ಇದನ್ನು ಹುಡುಕಿ. ಗಾಜಿನ ತಟ್ಟೆಯ ಜೀವಕೋಶದ ಮೇಲಾ, ಇಲಿ ಮೇಲಾ, ಮನುಷ್ಯರ ಮೇಲಾ? ಮನುಷ್ಯರಾದರೆ ಎಷ್ಟು ಜನ, ಎಷ್ಟು ದಿನ, ಎಷ್ಟು ಡೋಸ್?

ನಿದ್ದೆಗೆ ಅಂತ ಮಾರುವ ಸಿಬಿಎನ್‌ನಿಂದಲೇ ಶುರು ಮಾಡೋಣ, ಯಾಕಂದರೆ ಜಾಸ್ತಿ ಕೇಳುವುದು ಇದನ್ನೇ. 1975ರ ಒಂದು ಸಣ್ಣ ಪರೀಕ್ಷೆಯಲ್ಲಿ ಐದು ಜನಕ್ಕೆ ಕೊಟ್ಟಾಗ ಸಿಬಿಎನ್ ಒಂದೇ ಆಗಿ ಮಂಪರು ತರಲಿಲ್ಲ. ಟಿಎಚ್‌ಸಿ ಜೊತೆ ಸೇರಿದಾಗ ಮಾತ್ರ ತೂಕಡಿಕೆ ಹೆಚ್ಚಾಯಿತು. ಆಮೇಲೆ 2023ರಲ್ಲಿ ಬಂದ ಪರೀಕ್ಷೆ ಇನ್ನೂ ಸರಿಯಾದ ಕ್ರಮದ್ದು. ಅದರಲ್ಲಿ ಏಳು ರಾತ್ರಿ 20 ಮಿ.ಗ್ರಾಂ ಸಿಬಿಎನ್ ಕೊಟ್ಟರು. ಒಟ್ಟಾರೆ ನಿದ್ದೆಯ ಗುಣಮಟ್ಟದಲ್ಲಿ, ಅಂದರೆ ಮುಖ್ಯವಾಗಿ ಅಳೆಯಲು ಹೊರಟಿದ್ದರಲ್ಲಿ, ಔಷಧಿ ಇಲ್ಲದ ಬರೀ ಗುಳಿಗೆಗಿಂತ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ರಾತ್ರಿ ಮಧ್ಯೆ ಮಧ್ಯೆ ಎಚ್ಚರ ಆಗುವುದು ಮಾತ್ರ ಕಡಿಮೆಯಾಯಿತು. ಪದೇ ಪದೇ ಎಚ್ಚರ ಆಗುವವರಿಗೆ ಇದು ಸಣ್ಣ ವಿಷಯ ಅಲ್ಲ, ಮುಂದೆ ದೊಡ್ಡ ಪರೀಕ್ಷೆ ಮಾಡಲು ಒಳ್ಳೆಯ ಕಾರಣ. ಆದರೆ "ಬೆಳಗಿನ ತನಕ ಗಾಢ ನಿದ್ದೆ" ಅಂತ ಬಾಟಲಿ ಮೇಲೆ ಬರೆಯುವಷ್ಟು ಆಧಾರ ಇದರಲ್ಲಿಲ್ಲ.

ಶುಗರ್ ವಿಷಯಕ್ಕೆ ಟಿಎಚ್‌ಸಿವಿ. ನಮ್ಮವರಲ್ಲಿ ಶುಗರ್ ಇಲ್ಲದ ಮನೆ ಕಡಿಮೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಟೈಪ್ 2 ಶುಗರ್ ಇದ್ದ 62 ಜನರನ್ನು ಐದು ಗುಂಪು ಮಾಡಿದರು. ಟಿಎಚ್‌ಸಿವಿ ಗುಂಪಿಗೆ 5 ಮಿ.ಗ್ರಾಂನಂತೆ ದಿನಕ್ಕೆ ಎರಡು ಸಲ, 13 ವಾರ. ಬರೀ ಗುಳಿಗೆ ತಗೊಂಡವರಿಗೆ ಹೋಲಿಸಿದರೆ ಇವರ ಫಾಸ್ಟಿಂಗ್ ಶುಗರ್ ಇಳಿಯಿತು. ನಮ್ಮ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ ಸುಮಾರು 20 ಪಾಯಿಂಟ್. ಪರೀಕ್ಷೆ ಮುಖ್ಯವಾಗಿ ನೋಡಲು ಹೊರಟಿದ್ದ ಒಳ್ಳೆಯ ಕೊಲೆಸ್ಟ್ರಾಲ್‌ನಲ್ಲಿ ಬದಲಾವಣೆ ಆಗಲಿಲ್ಲ. ಐದು ಗುಂಪು ಅಂದರೆ ಒಂದೊಂದರಲ್ಲಿ ಹನ್ನೆರಡು ಹದಿಮೂರು ಜನ ಅಷ್ಟೇ. ಆಸೆ ಹುಟ್ಟಿಸುವ ಫಲಿತಾಂಶವೇ, ಆದರೆ ಇದನ್ನು ನಂಬಿ ಮೆಟ್‌ಫಾರ್ಮಿನ್ ಬಿಡಬೇಡಿ. ದಯವಿಟ್ಟು ಬಿಡಬೇಡಿ. ಮೆಟ್‌ಫಾರ್ಮಿನ್ ಹಿಂದೆ ದಶಕಗಳ ಅನುಭವ ಇದೆ.

ಸಿಬಿಜಿ ಬಗ್ಗೆ ಮೊದಲು ಕುತೂಹಲ ಹುಟ್ಟಿದ್ದು ಬ್ಯಾಕ್ಟೀರಿಯಾ ವಿಷಯಕ್ಕೆ. ಸಾಮಾನ್ಯ ಆ್ಯಂಟಿಬಯೋಟಿಕ್‌ಗೆ ಬಗ್ಗದ ಎಂಆರ್‌ಎಸ್‌ಎ ಅನ್ನುವ ಬ್ಯಾಕ್ಟೀರಿಯಾವನ್ನು ಇದು ಕೊಲ್ಲುತ್ತದೆ ಅಂತ 2008ರಲ್ಲಿ ಲ್ಯಾಬಿನಲ್ಲಿ ಕಂಡಿತು. 2020ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಸೋಂಕು ತಗುಲಿದ ಇಲಿಗಳಲ್ಲೂ ಅದು ಕೆಲಸ ಮಾಡುವುದನ್ನು ತೋರಿಸಿದರು. ಕರುಳಿನ ಉರಿಯೂತ ಕಡಿಮೆ ಮಾಡಿದ್ದೂ ಇಲಿಗಳಲ್ಲೇ. ಮನುಷ್ಯರಲ್ಲಿ ಅಂದರೆ 2024ರ ಒಂದು ಪರೀಕ್ಷೆ ಇದೆ. ಗಾಂಜಾ ಬಳಸಿ ಗೊತ್ತಿದ್ದ 34 ಜನ 20 ಮಿ.ಗ್ರಾಂ ತಗೊಂಡಾಗ ಆತಂಕ ಕಡಿಮೆಯಾಯಿತು ಅಂತ ಹೇಳಿದರು. ಅದು ಒಂದು ಡೋಸಿನ ತಕ್ಷಣದ ಪರಿಣಾಮ. ತಿಂಗಳುಗಟ್ಟಲೆ ತಗೊಂಡರೆ ಏನು ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಸಿಬಿಸಿ ಇನ್ನೂ ಹೆಚ್ಚಾಗಿ ಇಲಿ, ಜೀವಕೋಶದ ಹಂತದಲ್ಲೇ ಇದೆ. ಸಿಬಿಡಿಗೆ ಹತ್ತಿರದ ಸಿಬಿಡಿವಿ ಅನ್ನುವ ಅಂಶವನ್ನು ಫಿಟ್ಸ್ ಇರುವ 162 ವಯಸ್ಕರಲ್ಲಿ ನೋಡಿದರು, ಬರೀ ಗುಳಿಗೆಗಿಂತ ಜಾಸ್ತಿ ಉಪಯೋಗ ಕಾಣಲಿಲ್ಲ. ಇಲಿಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು, ಇದನ್ನು ಮರೆಯಬೇಡಿ.

ಇನ್ನು ಕ್ಯಾನ್‌ಫ್ಲಾವಿನ್. ಇದು ಕ್ಯಾನಬಿನಾಯ್ಡ್ ಅಲ್ಲ, ಫ್ಲೇವನಾಯ್ಡ್ ಜಾತಿಯದ್ದು. "ಆಸ್ಪಿರಿನ್‌ಗಿಂತ 30 ಪಟ್ಟು ಶಕ್ತಿ" ಅಂತ ವಾಟ್ಸಾಪ್‌ನಲ್ಲಿ ಓಡಾಡುವುದು ಇದರ ಬಗ್ಗೆಯೇ. ಅದರ ಮೂಲ 1985ರಲ್ಲಿ ಲಂಡನ್ನಿನಲ್ಲಿ ನಡೆದ ಕೆಲಸ. ಸಂಧಿವಾತ ಇದ್ದವರ ಕೀಲಿನಿಂದ ತೆಗೆದ ಜೀವಕೋಶಗಳಲ್ಲಿ ಉರಿಯೂತದ ಒಂದು ರಾಸಾಯನಿಕ ಎಷ್ಟು ತಗ್ಗುತ್ತದೆ ಅಂತ ಅಳೆದಿದ್ದರು. ಲೆಕ್ಕ ಸುಳ್ಳಲ್ಲ, ಆದರೆ ಅದು ತಟ್ಟೆಯಲ್ಲಿದ್ದ ಜೀವಕೋಶದ ಲೆಕ್ಕ. ಹೊಟ್ಟೆಗೆ ಹೋದ ಎಣ್ಣೆಯಿಂದ ಮಂಡಿಯವರೆಗೆ ಅದು ಎಷ್ಟು ತಲುಪುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ.

ವಾಸನೆ ಕೊಡುವ ಟರ್ಪೀನ್‌ಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೀಟಾ ಕ್ಯಾರಿಯೋಫಿಲೀನ್. ಕಾಳುಮೆಣಸು, ಲವಂಗದಲ್ಲಿ ಇರುವುದೂ ಅದೇ. ಮೈಯಲ್ಲಿ ಉರಿಯೂತದ ಜೊತೆ ಸಂಬಂಧ ಇರುವ ಸಿಬಿ2 ಅನ್ನುವ ಗ್ರಾಹಕಕ್ಕೆ (ರಿಸೆಪ್ಟರ್, ಅಂದರೆ ಜೀವಕೋಶದ ಮೇಲಿನ ಬೀಗದಂಥ ಜಾಗ) ಇದು ಹೋಗಿ ಕೂರುತ್ತದೆ ಅಂತ 2008ರಲ್ಲಿ ಗೊತ್ತಾಯಿತು. ಅಮಲಿಗೆ ಸಂಬಂಧಪಟ್ಟ ಸಿಬಿ1ನ್ನು ಮುಟ್ಟುವುದಿಲ್ಲ. ದಿನಾ ಸಾರಿಗೆ ಹಾಕುವ ಮೆಣಸಲ್ಲಿ ಇಂಥದ್ದೊಂದು ಇದೆ ಅನ್ನುವುದೇ ಖುಷಿಯ ವಿಷಯ ಅಲ್ವಾ. ಎಲ್ಲ ಅಂಶಗಳೂ ಒಟ್ಟಿಗೆ ಇದ್ದರೆ ಒಂದಕ್ಕೊಂದು ಬಲ ಕೊಡುತ್ತವೆ ಅನ್ನುವ ವಾದವೂ ಇದೆ, "ಫುಲ್ ಸ್ಪೆಕ್ಟ್ರಮ್" ಅಂತ ಬರೆದು ಜಾಸ್ತಿ ದುಡ್ಡು ಕೇಳುವುದು ಅದರ ಮೇಲೆಯೇ. ಸಿಡ್ನಿಯ ಸಂಶೋಧಕರು 2019ರಲ್ಲಿ ಗಾಂಜಾದಲ್ಲಿ ಸಾಮಾನ್ಯವಾಗಿ ಇರುವ ಕೆಲವು ಟರ್ಪೀನ್‌ಗಳನ್ನು ತಗೊಂಡು ನೋಡಿದಾಗ, ಈ ಎರಡು ಗ್ರಾಹಕಗಳಲ್ಲಿ ಟಿಎಚ್‌ಸಿಯ ಕೆಲಸವನ್ನು ಅವು ಬದಲಾಯಿಸಲಿಲ್ಲ. ಬೇರೆ ದಾರಿಯಿಂದ ಬಲ ಕೊಡುತ್ತವೋ ಏನೋ, ಚರ್ಚೆ ಇನ್ನೂ ಮುಗಿದಿಲ್ಲ.

ಎಷ್ಟು ಮಿಲಿಗ್ರಾಂ?

ಲೇಬಲ್ ಮೇಲೆ "5000 ಮಿ.ಗ್ರಾಂ ವಿಜಯಾ ಸಾರ" ಅಂತ ದೊಡ್ಡದಾಗಿ ಇರುತ್ತದೆ. ವಿಜಯಾ ಅಂದರೆ ಆಯುರ್ವೇದದಲ್ಲಿ ಈ ಗಿಡದ ಹೆಸರು. ಆ ಅಂಕಿ ಒಟ್ಟು ಸಾರದ ತೂಕ. ಅದರೊಳಗೆ ಸಿಬಿಡಿ ಎಷ್ಟು, ಸಿಬಿಜಿ ಎಷ್ಟು ಅನ್ನುವುದು ಬೇರೆ ಅಂಕಿ, ಅದು ಸಣ್ಣ ಅಕ್ಷರದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲದಿದ್ದರೆ ಆ ಬಾಟಲಿ ವಾಪಸ್ ಇಡಿ.

ಅಂಕಿ ಇದ್ದರೆ ಲೆಕ್ಕ ಸುಲಭ. 30 ಎಂಎಲ್ ಬಾಟಲಿಯಲ್ಲಿ ಸಿಬಿಡಿ 1500 ಮಿ.ಗ್ರಾಂ ಇದ್ದರೆ ಒಂದು ಎಂಎಲ್‌ಗೆ 50. ಎಂಎಲ್‌ಗೆ ಸುಮಾರು 20 ಹನಿ ಅಂತ ಹಿಡಿದರೆ ಹನಿಗೆ ಎರಡೂವರೆ ಮಿ.ಗ್ರಾಂ. ಡ್ರಾಪರ್‌ನಿಂದ ಡ್ರಾಪರ್‌ಗೆ ಹನಿಯ ಗಾತ್ರ ಬೇರೆ, ಆದ್ದರಿಂದ ಹನಿಗಿಂತ ಎಂಎಲ್ ಗುರುತಿನ ಲೆಕ್ಕವೇ ಮೇಲು. ಅದೇ ಬಾಟಲಿಯಲ್ಲಿ ಸಿಬಿಎನ್ 60 ಮಿ.ಗ್ರಾಂ ಇದೆ ಅನ್ನಿ. ಎಂಎಲ್‌ಗೆ 2 ಮಿ.ಗ್ರಾಂ ಆಯಿತು. ಪರೀಕ್ಷೆಯಲ್ಲಿ ಕೊಟ್ಟಿದ್ದು ರಾತ್ರಿಗೆ 20. ಐದು ಹನಿ ಹಾಕಿಕೊಂಡವರಿಗೆ ಹೋಗುವುದು ಸುಮಾರು ಅರ್ಧ ಮಿ.ಗ್ರಾಂ ಅಷ್ಟೇ. ಹಾಗಂತ ಹನಿ ಹೆಚ್ಚಿಸಿದರೆ ಜೊತೆಗಿರುವ ಸಿಬಿಡಿ, ಟಿಎಚ್‌ಸಿಯೂ ಅಷ್ಟೇ ಹೆಚ್ಚುತ್ತವೆ. ಬೇರೆ ಬೇರೆ ಅಂಶದ ಹೆಸರು ಬರೆದ ಹೆಚ್ಚಿನ ಬಾಟಲಿಗಳ ನಿಜ ಸ್ಥಿತಿ ಇಲ್ಲೇ ಬಯಲಾಗುತ್ತದೆ, ಆದ್ದರಿಂದ ಈ ಲೆಕ್ಕ ಒಂದನ್ನಂತೂ ಪೆನ್ನು ಹಿಡಿದು ಮಾಡಿ.

ಔಷಧಿ ಅಂತ ಪೂರ್ತಿ ಪಾಸಾದ ಡೋಸ್ ಹೇಗಿರುತ್ತದೆ ಅಂತ ತಿಳಿಯಲು ಎಪಿಡಿಯೋಲೆಕ್ಸ್ ನೋಡಿ. ಗಿಡದಿಂದ ತೆಗೆದು ಶುದ್ಧ ಮಾಡಿದ ಸಿಬಿಡಿ ಅದು, 2018ರಲ್ಲಿ ಅಮೆರಿಕದ ಎಫ್‌ಡಿಎ ಎರಡು ಅಪರೂಪದ, ತೀವ್ರವಾದ ಫಿಟ್ಸ್ ಕಾಯಿಲೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಸಾಮಾನ್ಯ ಡೋಸ್ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 10ರಿಂದ 20 ಮಿ.ಗ್ರಾಂ. 60 ಕೆಜಿ ತೂಕದವರಿಗೆ 600ರಿಂದ 1200. ಮೇಲೆ ಹೇಳಿದ 1500ರ ಬಾಟಲಿ ಎರಡು ದಿನಕ್ಕೆ ಖಾಲಿ. ಆ ಡೋಸ್ ಕೊಡುವಾಗ ಡಾಕ್ಟರು ಲಿವರ್ ಪರೀಕ್ಷೆ ಮಾಡಿಸುತ್ತಾ ಇರುತ್ತಾರೆ. ಮನೆಯಲ್ಲಿ ನೀವೇ ಮಾಡುವ ಕೆಲಸ ಅಲ್ಲ ಅದು.

ಲ್ಯಾಬ್ ರಿಪೋರ್ಟ್ ಕೇಳಿ

2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಸರಕುಗಳನ್ನು ಪರೀಕ್ಷೆ ಮಾಡಿದಾಗ ಲೇಬಲ್ ಸರಿಯಾಗಿದ್ದದ್ದು 31% ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಆದ್ದರಿಂದ ರಿಪೋರ್ಟ್ ಕೇಳಲು ಸಂಕೋಚ ಬೇಡ. ಮಾರುವವರ ಹತ್ತಿರ ಇದ್ದೇ ಇರಬೇಕು.

ರಿಪೋರ್ಟ್ ಕೈಗೆ ಬಂದಮೇಲೆ ಮೊದಲು ಬ್ಯಾಚ್ ನಂಬರ್ ನೋಡಿ, ನಿಮ್ಮ ಬಾಟಲಿಯ ಮೇಲಿನದೂ ಅದೇ ಆಗಿರಬೇಕು. ಕಂಪನಿಯದೇ ಲ್ಯಾಬ್ ಆಗಿರದೆ ಹೊರಗಿನದಾದರೆ ಒಳ್ಳೆಯದು, ಅದಕ್ಕೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇದೆಯಾ ಅಂತ ಎನ್‌ಎಬಿಎಲ್ ವೆಬ್‌ಸೈಟ್‌ನಲ್ಲೇ ಹುಡುಕಬಹುದು. ಆಮೇಲೆ ಒಂದೊಂದು ಅಂಶದ ಎದುರಿನ ಅಂಕಿ. "ಎನ್‌ಡಿ" ಅಂತ ಇದ್ದರೆ ಆ ಯಂತ್ರಕ್ಕೆ ಸಿಗಲಿಲ್ಲ ಅಂತ ಅರ್ಥ. ಟಿಎಚ್‌ಸಿ ಕಡಿಮೆ ಇದ್ದು ಟಿಎಚ್‌ಸಿಎ (ಬಿಸಿ ತಾಗಿದರೆ ಟಿಎಚ್‌ಸಿ ಆಗುವ ಅದರ ಆಮ್ಲ ರೂಪ) ಜಾಸ್ತಿ ಇದ್ದರೆ ಮೋಸ ಹೋಗಬೇಡಿ, ಟಿಎಚ್‌ಸಿಎಯನ್ನು 0.877ರಿಂದ ಗುಣಿಸಿ ಟಿಎಚ್‌ಸಿಗೆ ಕೂಡಿಸಿದರೆ ಒಟ್ಟು ಸಿಗುತ್ತದೆ. ಲೇಬಲ್‌ನಲ್ಲಿ ಹೇಳದೇ ಇದ್ದ ಸಿಬಿಎನ್ ರಿಪೋರ್ಟ್‌ನಲ್ಲಿ ಕಂಡರೆ, ಸರಕು ಹಳೆಯದಿರಬಹುದು ಅಂತ ಅನುಮಾನ ಪಡಿ. ಸೀಸ, ಕ್ಯಾಡ್ಮಿಯಂ ಥರದ ಲೋಹಗಳ ಪುಟ ಬಿಡಬೇಡಿ. ಈ ಗಿಡ ಮಣ್ಣಿನಿಂದ ಲೋಹಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಕಾನೂನು, ನಮ್ಮ ಕಡೆ

1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆ, ಚರಸ್‌ಗೂ ಗಾಂಜಾಕ್ಕೂ, ಅಂದರೆ ಅಂಟಿಗೂ ಹೂವಿನ ತೆನೆಗೂ, ಅನ್ವಯಿಸುತ್ತದೆ. ತೆನೆ ಜೊತೆಗಿಲ್ಲದ ಎಲೆ, ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಎಲೆಯ ಸಾರದ ಎಣ್ಣೆ ಆಯುರ್ವೇದ ಔಷಧಿಯ ಲೈಸೆನ್ಸ್ ಮೇಲೆ ಬರುತ್ತದೆ. ಭಂಗಿ ಎಲೆ ಆಯುರ್ವೇದದ ವಿಷ ದ್ರವ್ಯಗಳ ಪಟ್ಟಿಯಾದ ಶೆಡ್ಯೂಲ್ ಇ1ರಲ್ಲಿ ಇರುವುದರಿಂದ, ಹೊಟ್ಟೆಗೆ ತಗೊಳ್ಳುವ ಔಷಧಿಯ ಲೇಬಲ್ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತಗೊಳ್ಳಿ ಅನ್ನುವ ಎಚ್ಚರಿಕೆ ಇರಲೇಬೇಕು. ಲೈಸೆನ್ಸ್ ನಂಬರ್, ತಯಾರಿಸಿದವರ ವಿಳಾಸ, ಈ ಎಚ್ಚರಿಕೆ, ಮೂರೂ ಇದೆಯಾ ನೋಡಿ. ಗೋವಾದ ಬೀಚ್ ಬದಿಯಲ್ಲಿ ಲೇಬಲ್ಲೇ ಇಲ್ಲದ ಬಾಟಲಿ ಯಾರಾದರೂ ಕೊಟ್ಟರೆ ಮುಟ್ಟಬೇಡಿ. ಒಳಗೆ ಟಿಎಚ್‌ಸಿ ಎಷ್ಟಿದೆ ಅಂತ ನಿಮಗೆ ಗೊತ್ತಿರುವುದಿಲ್ಲ, ಪೊಲೀಸರು ಹಿಡಿದರೆ ಉತ್ತರ ಕೊಡಬೇಕಾದವರು ನೀವೇ. ಅನುಮಾನ ಬರುವ ಲೇಬಲ್ ಕಂಡರೆ ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ರಾಜ್ಯದ ಆಹಾರ ಮತ್ತು ಔಷಧ ಇಲಾಖೆಗೆ (ಎಫ್‌ಡಿಎ) ದೂರು ಕೊಡಬಹುದು.

ಹೆಂಪ್ ಬೀಜದ ಎಣ್ಣೆ ಬೇರೆ. 2021ರಲ್ಲಿ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ಆಹಾರ ಅಂತ ಒಪ್ಪಿತು. ಚಟ್ನಿ ಪುಡಿಗೆ ಹಾಕಿ ತಿನ್ನಬಹುದು, ಒಳ್ಳೆಯ ಕೊಬ್ಬಿದೆ, ಪ್ರೋಟೀನ್ ಇದೆ. ಸಿಬಿಡಿ, ಸಿಬಿಜಿ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ನೋವಿನ ಔಷಧಿ ಅಂತ ಸಾವಿರಗಟ್ಟಲೆ ಕೊಟ್ಟು ಕೊಳ್ಳಬೇಡಿ.

ಮಾತ್ರೆಗಳ ಜೊತೆ

ನನಗೆ ಅತಿ ಹೆಚ್ಚು ಚಿಂತೆ ಆಗುವುದು ಇಲ್ಲೇ. ಧಾರವಾಡ ಕಡೆಯ ಒಬ್ಬ ಮೌಶಿ, ಮಗನ ಮನೆಯಲ್ಲಿ ಇರುವವರು, ಮಂಡಿ ನೋವಿಗೆ ಅಂತ ಬಾಟಲಿ ತಂದು ಕೌಂಟರ್ ಮೇಲಿಟ್ಟರು. "ಆಯುರ್ವೇದದ್ದ ಅದ ಅಲ್ಲೇನ್ರೀ, ಏನ್ ಆಗ್ತದ?" ಅಂದರು. ಅವರಿಗೆ ಹೃದಯದ ವಾಲ್ವ್ ಬದಲಾಯಿಸಿದೆ, ತಿಂಗಳಾ ವಾರ್ಫರಿನ್ ಕೊಂಡು ಹೋಗುವುದು ನಮ್ಮ ಅಂಗಡಿಯಲ್ಲೇ. "ನೀವು ರಕ್ತ ತೆಳು ಮಾಡೋ ಗುಳಿಗಿ ತಗೋತೀರಲ್ರೀ ಮೌಶಿ, ಇದು ಅದರ ಜೋರು ಹೆಚ್ಚು ಮಾಡ್ತದ. ಡಾಕ್ಟರನ್ನ ಕೇಳೋತನಕ ಮುಚ್ಚಳಾ ತೆಗೀಬ್ಯಾಡ್ರಿ" ಅಂದೆ. ಮಾತ್ರೆಯ ಪಟ್ಟಿಯ ಹಿಂದೆ ಬಾಟಲಿಯ ಹೆಸರು ಬರೆದುಕೊಟ್ಟೆ, ಅದನ್ನೇ ಡಾಕ್ಟರಿಗೆ ತೋರಿಸಲಿ ಅಂತ.

ಕಾರಣ ಇಷ್ಟೇ. ಲಿವರ್‌ನಲ್ಲಿ ಎಷ್ಟೋ ಮಾತ್ರೆಗಳನ್ನು ಕರಗಿಸಿ ಹೊರಹಾಕುವ ಎಂಜೈಮ್‌ಗಳಿವೆ. ಸಿಬಿಡಿ ಅವುಗಳ ಕೆಲಸ ನಿಧಾನ ಮಾಡುತ್ತದೆ. ಆಗ ಮಾತ್ರೆ ಅಷ್ಟೇ ತಗೊಂಡರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ವಾರ್ಫರಿನ್ ಆದರೆ ರಕ್ತಸ್ರಾವದ ಭಯ. ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್ ಆದರೆ ಮಂಪರು. ವಾಲ್ಪ್ರೋಯೇಟ್ ಜೊತೆ ಸೇರಿದರೆ ಲಿವರ್ ಎಂಜೈಮ್ ಏರಬಹುದು. ಕಿಡ್ನಿ ಕಸಿ ಆದವರ ಟ್ಯಾಕ್ರೊಲಿಮಸ್ ಕೂಡ ಇದೇ ಸಾಲಿನದು. ಆತಂಕಕ್ಕೆ ಆಲ್ಪ್ರಜೋಲಾಮ್, ಕ್ಲೋನಜಪಾಮ್ ತಗೊಳ್ಳುವವರಿಗೆ ಮಂಪರಿನ ಮೇಲೆ ಮಂಪರು. ಸಿಬಿಜಿ, ಸಿಬಿಎನ್ ಅಂತ ಹೆಸರಿದ್ದ ಬಾಟಲಿಯಲ್ಲೂ ಹೆಚ್ಚಿನ ಪಾಲು ಸಿಬಿಡಿಯೇ ಇರಬಹುದು, ಆದ್ದರಿಂದ ಇದೆಲ್ಲ ಅವಕ್ಕೂ ಅನ್ವಯಿಸುತ್ತದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ಮನೆಯಲ್ಲಿ ಯಾರಿಗಾದರೂ ಸೈಕೋಸಿಸ್ ಥರದ ಮಾನಸಿಕ ಕಾಯಿಲೆ ಇದ್ದವರು ತಾವಾಗಿ ಶುರು ಮಾಡಲೇಬಾರದು.

ಡಾಕ್ಟರು ಸರಿ ಅಂದಮೇಲೆ

ಕಡಿಮೆಯಿಂದ ಶುರು ಮಾಡಿ, ಎಷ್ಟು ದಿನಕ್ಕೆ ಎಷ್ಟು ಏರಿಸಬೇಕು ಅಂತ ಅವರಿಂದಲೇ ಬರೆಸಿಕೊಳ್ಳಿ. ಊಟದ ವಿಷಯದಲ್ಲಿ ಒಂದೇ ಕ್ರಮ ಇರಲಿ, ಯಾಕಂದರೆ ಕೊಬ್ಬಿನ ಊಟದ ಜೊತೆ ತಗೊಂಡಾಗ ಸಿಬಿಡಿ ಖಾಲಿ ಹೊಟ್ಟೆಗಿಂತ ಸುಮಾರು ನಾಲ್ಕು ಪಟ್ಟು ಮೈಗೆ ಸೇರುತ್ತದೆ. ಒಂದು ದಿನ ಉಪವಾಸ, ಮರುದಿನ ತುಪ್ಪ ಹಾಕಿದ ಹೋಳಿಗೆ ಅಂತಾದರೆ ಹನಿ ಅಷ್ಟೇ ಇದ್ದರೂ ಡೋಸ್ ಬೇರೆಯೇ ಆಗುತ್ತದೆ. ಅದೇ ವಾರ ಬೇರೆ ಹೊಸ ಔಷಧಿ, ಕಷಾಯ ಶುರು ಮಾಡಬೇಡಿ, ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ.

ಶುರು ಮಾಡುವ ಮುಂಚಿನ ಒಂದು ವಾರವೂ ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೋವು ಹತ್ತರಲ್ಲಿ ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರ, ಶುಗರ್ ಎಷ್ಟು. ಬರೀ ನೆನಪಿನ ಮೇಲೆ ಹೋದರೆ ದುಡ್ಡು ಕೊಟ್ಟ ಔಷಧಿ ಕೆಲಸ ಮಾಡಿದ ಹಾಗೇ ಅನ್ನಿಸುತ್ತದೆ. ಮೊದಲ ದಿನಗಳಲ್ಲಿ ಸ್ಕೂಟರ್, ಕಾರು ಓಡಿಸಬೇಡಿ. ಜಾಸ್ತಿ ನಿದ್ದೆ, ಭೇದಿ, ಹಸಿವು ಕಡಿಮೆ ಆಗುವುದು ಸಿಬಿಡಿಯ ಸಾಮಾನ್ಯ ತೊಂದರೆಗಳು. ಕಣ್ಣು ಹಳದಿ ಆದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಒಸಡಿನಲ್ಲಿ ರಕ್ತ ಬಂದರೆ, ಎದೆ ಜೋರಾಗಿ ಬಡಿದು ಭಯ ಆದರೆ ನಿಲ್ಲಿಸಿ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಬಾಟಲಿಯನ್ನೂ ತಗೊಂಡೇ ಹೋಗಿ.

ಇನ್ನೊಂದು ಮಾತು, ಇದು ಮುಂಬೈ ಮತ್ತು ಗೋವಾದವರಿಗೆ, ಯಾಕಂದರೆ ದುಬೈ, ಅಬುಧಾಬಿಯಲ್ಲಿ ನೆಂಟರಿಲ್ಲದ ಮನೆ ಅಲ್ಲಿ ಕಡಿಮೆ. ಇಲ್ಲಿ ಡಾಕ್ಟರ ಚೀಟಿ ಮೇಲೆ ಕೊಂಡ ಎಣ್ಣೆಯೇ ಆದರೂ ಯುಎಇ, ಸಿಂಗಾಪುರಕ್ಕೆ ಒಯ್ಯಬೇಡಿ. ಅಲ್ಲಿ ಸಿಬಿಡಿಯೂ ಕಾನೂನಿನ ತೊಂದರೆಗೆ ಸಿಕ್ಕಿಸಬಹುದು, ಜೈಲೂ ಆಗಬಹುದು. ಅಪ್ಪನಿಗೋ ಅಣ್ಣನಿಗೋ ಕೊಡಿ ಅಂತ ಯಾರಾದರೂ ಏರ್‌ಪೋರ್ಟಿಗೆ ಹೊರಟಾಗ ಕೈಗೆ ಬಾಟಲಿ ಕೊಟ್ಟರೆ, ಬೇಜಾರಾದರೂ ಪರವಾಗಿಲ್ಲ, ಅಲ್ಲೇ ವಾಪಸ್ ಕೊಟ್ಟುಬಿಡಿ.